ಸುಟ್ಟ ಬಿಳುಪು ಎಡಿಟ್‌ನಲ್ಲಿ ವಾಪಸ್ ಬರಲ್ಲ

"ತೆಗೀರಿ ತೆಗೀರಿ, ಆಮೇಲೆ ಎಡಿಟ್‌ನಲ್ಲಿ ಸರಿ ಮಾಡಿದ್ರಾಯ್ತು." ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮದುವೆ ಮಂಟಪದಿಂದ ಹೊಲದ ಬದುವಿನವರೆಗೆ ಎಲ್ಲಿ ಮೊಬೈಲ್ ಹೊರಗೆ ಬಂದರೂ ಈ ಮಾತು ಕಿವಿಗೆ ಬೀಳುತ್ತದೆ. ಎಡಿಟಿಂಗ್ ಕಲಿಯಲು ಹೊರಟವರನ್ನು ದಾರಿ ತಪ್ಪಿಸುವುದೇ ಈ ಮಾತು. ಕ್ರಾಪ್ ಮಾಡುವುದು, ಸೊಟ್ಟ ಗೋಡೆ ನೆಟ್ಟಗೆ ಮಾಡುವುದು ಇವನ್ನೆಲ್ಲ ಹೇಳಿಕೊಡಬೇಕಿಲ್ಲ. ಸ್ನ್ಯಾಪ್‌ಸೀಡ್ ಎಂಬ ಎಡಿಟಿಂಗ್ ಆ್ಯಪ್ ಹಿಡಿದು ಒಂದು ಸಂಜೆ ಕೂತರೆ ತಾನಾಗಿ ಬರುತ್ತವೆ. ಕಲಿಯಬೇಕಾದ್ದು ಬೇರೆ ಇದೆ. ಫೋಟೋದಲ್ಲಿ ಏನು ಉಳಿದಿದೆ, ಏನು ಹೋಗಿಯೇ ಬಿಟ್ಟಿದೆ ಎಂದು ನೋಡಿ ಹೇಳುವುದು. ನನ್ನ ಪ್ರಕಾರ ಎಡಿಟಿಂಗ್‌ನಲ್ಲಿ ಮುಕ್ಕಾಲು ಪಾಲು ಅದೇ.

ನಮ್ಮ ಕಡೆಯದೇ ಒಂದು ಚಿತ್ರ ತೆಗೆದುಕೊಳ್ಳಿ. ರಾಯಚೂರು ಹತ್ತಿರದ ಎರೆ ಹೊಲ, ಒಡೆದ ಹತ್ತಿ, ನಡುಮಧ್ಯಾಹ್ನದ ಬಿಸಿಲು. ಕಡುಕಪ್ಪು ಮಣ್ಣು, ಅದರ ಮೇಲೆ ಬೆಳ್ಳನೆ ಹತ್ತಿ. ಕ್ಯಾಮೆರಾವನ್ನು ಪರೀಕ್ಷೆ ಮಾಡಲು ಇಷ್ಟು ಸಾಕು. ಬೆಳಕು ಅಳೆಯುವ ಮೀಟರ್‌ಗೆ ಹತ್ತಿ ಯಾವುದು, ಮಣ್ಣು ಯಾವುದು ಗೊತ್ತಾಗಲ್ಲ. ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ವಾಪಸ್ ಕಳಿಸುವ ಬೂದು ಬಣ್ಣವನ್ನೇ ಅದು ಸರಾಸರಿ ಅಂದುಕೊಳ್ಳುತ್ತದೆ. ಈಗಿನ ಮೊಬೈಲ್‌ಗಳು ಇದಕ್ಕಿಂತ ಜಾಣ ಇರಬಹುದು, ಬುನಾದಿ ಮಾತ್ರ ಇದೇ. ಚೌಕಟ್ಟಿನ ತುಂಬ ಎರೆಮಣ್ಣು ಕಂಡರೆ ಕತ್ತಲಿದೆ ಎಂದುಕೊಂಡು ಜಾಸ್ತಿ ಬೆಳಕು ಎಳೆದುಕೊಳ್ಳುತ್ತದೆ. ಮಣ್ಣು ಬೂದಿಯಂತೆ ಕಾಣುತ್ತದೆ, ಹತ್ತಿ ಸುಟ್ಟುಹೋಗುತ್ತದೆ.

ಸುಡುವುದು ಅಂದರೆ ಏನು? 1.2 ಕೋಟಿ ಪಿಕ್ಸೆಲ್‌ನ ಸೆನ್ಸರ್ ಎಂದರೆ ಬೆಳಕು ಅಳೆಯುವ 1.2 ಕೋಟಿ ಪುಟ್ಟ ಜಾಗಗಳು. ಒಂದೊಂದೂ ಜೋಳ ಅಳೆಯುವ ಸೇರು ಇದ್ದಹಾಗೆ. ಬೆಳಕು ಬಿದ್ದಷ್ಟೂ ಅದರಲ್ಲಿ ಎಲೆಕ್ಟ್ರಾನ್ ತುಂಬುತ್ತ ಹೋಗುತ್ತವೆ. ಸೇರು ತುಂಬಿದ ಮೇಲೆ ಅಂಗಡಿಯವರು ಕೈಯಾಡಿಸಿ ಮೇಲೆ ಸಮ ಮಾಡುತ್ತಾರಲ್ಲ, ಆಗ ಕೆಳಗೆ ಬಿದ್ದದ್ದು ಒಂದು ಹಿಡಿಯೋ ಒಂದು ಚೀಲವೋ, ಸೇರು ನೋಡಿ ಯಾರಾದರೂ ಹೇಳಲು ಆಗುತ್ತದಾ? ಸೆನ್ಸರ್‌ನಲ್ಲೂ ಅಷ್ಟೇ. ಹತ್ತಿಯ ಎಳೆ, ಎಳೆಗಳ ಸಂದಿನ ತೆಳು ನೆರಳು, ಹಿಂದಿನ ಮೋಡ ಮೂರೂ ತುಂಬಿದ ಸೇರುಗಳಾದರೆ ಫೋಟೋದಲ್ಲಿ ಮೂರೂ ಒಂದೇ. ಜೆಪೆಗ್ ಫೈಲ್‌ನಲ್ಲಿ ಬೆಳಕಿನ ಲೆಕ್ಕ 0ಯಿಂದ 255ರವರೆಗೆ. ಸುಟ್ಟ ಜಾಗದಲ್ಲಿ ಕೆಂಪೂ 255, ಹಸಿರೂ 255, ನೀಲಿಯೂ 255. ಬೆಳಕಿನ ಭಾಗ ತಗ್ಗಿಸುವ ಹೈಲೈಟ್ಸ್ ಸ್ಲೈಡರ್ ಎಷ್ಟು ಕೆಳಗೆ ಎಳೆದರೂ ಆ 255ಗಳೆಲ್ಲ ಒಟ್ಟಿಗೇ ಇಳಿದು 230 ಆಗುತ್ತವೆ. ಬಿಳಿ ತೇಪೆ ಇದ್ದಲ್ಲಿ ಬೂದು ತೇಪೆ ಬರುತ್ತದೆ. ಎಳೆ ಬರಲ್ಲ.

ಈಗ ಅದೇ ಹೊಲವನ್ನು ಅರ್ಧ ಬೆಳಕಿನಲ್ಲಿ ತೆಗೆಯಿರಿ. ಮೊಬೈಲ್ ಪರದೆಯಲ್ಲಿ ಹತ್ತಿಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಜಾರಿಸಿದರೆ ಆಯಿತು. ಕ್ಯಾಮೆರಾ ಇದ್ದವರು ಎಕ್ಸ್‌ಪೋಷರ್ ಕಾಂಪನ್ಸೇಷನ್ (ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಡಿ. ಫೋಟೋ ಮಂಕಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಜೂಮ್ ಮಾಡಿ ನೋಡಿ. ಒಂದೊಂದು ಎಳೆ ಬೇರೆ ಬೇರೆ ಕಾಣುತ್ತದೆ. ಹತ್ತಿಗೆ ಅಂಟಿದ ಒಣ ಎಲೆಯ ಚೂರು ಕಾಣುತ್ತದೆ. ಒಡೆದ ಕಾಯಿಯ ಕಂದು ಅಂಚು ಕಾಣುತ್ತದೆ. ಮಣ್ಣು ಮಾತ್ರ ಕತ್ತಲಲ್ಲಿ ಮುಳುಗಿರುತ್ತದೆ. ಈಗ ಶ್ಯಾಡೋಸ್ ಸ್ಲೈಡರ್ ಮೇಲೆತ್ತಿ. ಎರೆಯ ಬಿರುಕು, ಹೆಂಟೆ ಎಲ್ಲ ಎದ್ದು ಬರುತ್ತವೆ. ಕಪ್ಪಿನಿಂದ ವಿವರ ತೆಗೆಯಬಹುದು, ಸುಟ್ಟ ಬಿಳುಪಿನಿಂದ ತೆಗೆಯಲು ಆಗಲ್ಲ. ಈ ವ್ಯತ್ಯಾಸ ಕಣ್ಣಾರೆ ಕಂಡ ಮೇಲೆ ಸ್ಲೈಡರ್ ಮೇಲಿನ ಕುರುಡು ನಂಬಿಕೆ ಹೋಗುತ್ತದೆ.

ಹಾಗಂತ ಎಲ್ಲವನ್ನೂ ಕತ್ತಲಲ್ಲೇ ತೆಗೆದು ಆಮೇಲೆ ಎತ್ತಿದರಾಯಿತು ಅನ್ನುವಂತಿಲ್ಲ. ಬೆಳಕು ಒಂದೇ ಸಮ ಬೀಳುವುದಿಲ್ಲ, ಹನಿ ಹನಿಯಾಗಿ ಅಂದಾದುಂದಿ ಬೀಳುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಕಣ ಬೀಳಬೇಕಿದ್ದರೆ ನಿಜಕ್ಕೂ ಬೀಳುವುದು 90 ಇರಬಹುದು, 110 ಇರಬಹುದು. ಏರುಪೇರು ಕಣಗಳ ಸಂಖ್ಯೆಯ ವರ್ಗಮೂಲದಷ್ಟು. 100ಕ್ಕೆ 10, ಅಂದರೆ ಶೇ. 10. 10,000 ಕಣ ಬಿದ್ದರೆ ಏರುಪೇರು 100, ಅಂದರೆ ಬರೀ ಶೇ. 1. ಕತ್ತಲ ಭಾಗ ಎತ್ತಿದಾಗ ರವೆ ಚೆಲ್ಲಿದಂತೆ ಕಾಣುವ ಆ ನಾಯ್ಸ್ ಮುಖ್ಯವಾಗಿ ಇದೇ. ಮೊಬೈಲ್ ಕೆಟ್ಟಿದೆ ಎಂದಲ್ಲ, ಬೆಳಕಿನ ಸ್ವಭಾವವೇ ಹಾಗೆ. ಎಷ್ಟೇ ದುಡ್ಡು ಕೊಟ್ಟರೂ ಇದರಿಂದ ಪೂರ್ತಿ ಬಿಡುಗಡೆ ಇಲ್ಲ.

ರಾ ಫೈಲ್, ಅಂದರೆ ಸೆನ್ಸರ್ ಅಳೆದದ್ದನ್ನು ಹಾಗೇ ಉಳಿಸುವ ಫೈಲ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರ ಲೆಕ್ಕ ನನಗೆ ಬಹಳ ಇಷ್ಟ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್‌ನ ರಾ ಫೈಲ್‌ನಲ್ಲಿ 16,384. ಬೆಳಕು ಅರ್ಧವಾದಂತೆಲ್ಲ ಈ ಸಂಖ್ಯೆಯೂ ಅರ್ಧವಾಗುತ್ತದೆ. ಹೀಗೆ ಒಮ್ಮೆ ಅರ್ಧವಾಗುವ ಅಂತರಕ್ಕೆ ಒಂದು ಸ್ಟಾಪ್ ಎನ್ನುತ್ತಾರೆ. ಹಾಗಾಗಿ ಎಲ್ಲಕ್ಕಿಂತ ಬೆಳಕಿನ ಒಂದು ಸ್ಟಾಪ್‌ಗೇ 8,192 ಮೆಟ್ಟಿಲು ಹೋಗಿಬಿಡುತ್ತವೆ. ಅದರ ಕೆಳಗಿನದಕ್ಕೆ 4,096, ಮುಂದಿನದಕ್ಕೆ 2,048. ಎರೆಮಣ್ಣು ಇರುವ ಕತ್ತಲ ತಳಕ್ಕೆ ಬರುವಷ್ಟರಲ್ಲಿ ಕೆಲವೇ ಮೆಟ್ಟಿಲು ಉಳಿದಿರುತ್ತವೆ. ಅದಕ್ಕೇ ಅನುಭವಸ್ಥರು ಹಿಸ್ಟೋಗ್ರಾಮ್ ನೋಡುತ್ತಾರೆ. ಪರದೆಯ ಮೂಲೆಯಲ್ಲಿ ಕಾಣುವ ಆ ಗುಡ್ಡದಂಥ ಗ್ರಾಫ್‌ನಲ್ಲಿ ಎಡ ಅಂದರೆ ಕತ್ತಲು, ಬಲ ಅಂದರೆ ಬೆಳಕು. ಗುಡ್ಡ ಬಲಕ್ಕೆ ಸಾಧ್ಯವಾದಷ್ಟು ಹತ್ತಿರ ಇರಬೇಕು, ಬಲಗೋಡೆಗೆ ಒತ್ತಿಕೊಂಡು ನಿಲ್ಲಬಾರದು. ಗೋಡೆಗೆ ಒತ್ತಿದ್ದರೆ ಸೇರು ತುಂಬಿ ಚೆಲ್ಲಿದೆ ಎಂದೇ ಅರ್ಥ. ಬಿಸಿಲಲ್ಲಿ ಮೊಬೈಲ್ ಪರದೆ ಸರಿಯಾಗಿ ಕಾಣದಿದ್ದಾಗಲೂ ಈ ಗ್ರಾಫ್ ಸುಳ್ಳು ಹೇಳಲ್ಲ.

ಈ ತಾಪತ್ರಯ ಮೊಬೈಲ್‌ಗಿಂತ ಎಷ್ಟೋ ಹಳೆಯದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಗುಡಿಗೋಪುರಗಳ ಫೋಟೋ ತೆಗೆದರು. ಹಂಪಿ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರುವವರೆಗೂ ನಮ್ಮ ಬಳ್ಳಾರಿಯದೇ. ಅವರು ಬಳಸಿದ್ದು ಕಾಗದದ ನೆಗೆಟಿವ್. ಆ ಕಾಲದ ನೆಗೆಟಿವ್‌ಗೆ ನೀಲಿ ಬೆಳಕು ಬೇಗ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ. ಕಲ್ಲಿನ ಮಂಟಪ ಮೂಡುವಷ್ಟರಲ್ಲಿ ನೀಲಿ ಆಕಾಶ ಸುಟ್ಟು ಬರೀ ಬಿಳಿ ಆಗುತ್ತಿತ್ತು. ಅದೇ ಸುಮಾರಿಗೆ ಬರ್ಮಾದಲ್ಲಿ ಫೋಟೋ ತೆಗೆದ ಲಿನೇಯಸ್ ಟ್ರೈಪ್ ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಬರೆದರು. ಫ್ರಾನ್ಸ್‌ನ ಗುಸ್ತಾವ್ ಲ ಗ್ರೇ ಇನ್ನೊಂದು ಉಪಾಯ ಮಾಡಿದರು. ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್. ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚು ಮಾಡಿದರು. ನಿಮ್ಮ ಮೊಬೈಲ್‌ನ ಎಚ್‌ಡಿಆರ್ ಇಂದು ಒಂದು ಚಿಟಿಕೆಯಲ್ಲಿ ಹಲವು ಫ್ರೇಮ್ ತೆಗೆದು ಜೋಡಿಸುವುದೂ ಇದನ್ನೇ. "ಎಡಿಟ್ ಮಾಡಿದ್ದೆಲ್ಲ ಸುಳ್ಳು, ಹಿಂದಿನ ಕಾಲದ ಫೋಟೋನೇ ನಿಜ" ಎಂದು ವಾದಿಸುವವರು ಈ ಮೂವರ ಕೆಲಸ ಒಮ್ಮೆ ನೋಡಬೇಕು.

ಇಬ್ಬರಲ್ಲಿ ಒಂದು ವ್ಯತ್ಯಾಸ ಮಾತ್ರ ನನಗೆ ಬಹಳ ಮುಖ್ಯ ಅನಿಸುತ್ತದೆ. ಲ ಗ್ರೇ ಜೋಡಿಸಿದ್ದು ನಿಜವಾಗಿ ಬಿದ್ದ ಬೆಳಕನ್ನು. ಟ್ರೈಪ್ ಹಚ್ಚಿದ್ದು ಕುಂಚದ ಮೋಡವನ್ನು. ಇಂದಿನ ಎಐ ಎನ್‌ಹಾನ್ಸ್ ಬಟನ್ ಟ್ರೈಪ್ ಕಡೆಯದು. ಸುಟ್ಟ ಹತ್ತಿಗೆ ಅದು ಎಳೆ ತರುತ್ತದೆ, ಸುಳ್ಳಲ್ಲ. ಆದರೆ ಎಲ್ಲೋ ನೋಡಿದ ಬೇರೆ ಹತ್ತಿಗಳ ಲೆಕ್ಕದಿಂದ ಹೊಸದಾಗಿ ಬರೆದ ಎಳೆ ಅದು.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಸಂಡೂರಿನ ಕೆಂಪು ಅದಿರು ಮಣ್ಣಿನ ಫೋಟೋ ಕೆಲವೊಮ್ಮೆ ಪೇಲವವಾಗಿ ಬರುತ್ತದೆ, ಅಲ್ವಾ? ಬೆಳಕಿನ ಬಣ್ಣವನ್ನು ತಾನೇ ಸರಿದೂಗಿಸುವ ಆಟೋ ವೈಟ್ ಬ್ಯಾಲೆನ್ಸ್‌ಗೂ ಬೂದು ಸರಾಸರಿಯ ಹುಚ್ಚು ಇದೆ. ಚಿತ್ರದ ತುಂಬ ಕೆಂಪು ಕಂಡರೆ ಬೆಳಕೇ ಕೆಂಪಗಿದೆ ಅಂದುಕೊಂಡು ನೀಲಿ ಬೆರೆಸಿಬಿಡುತ್ತದೆ. ಟೆಂಪರೇಚರ್ ಸ್ಲೈಡರ್ ಹಳದಿ ಕಡೆ ಸ್ವಲ್ಪ ಸರಿಸಿ. ಅಥವಾ ಅದೇ ಬೆಳಕಲ್ಲಿ, ಚಿತ್ರದ ಒಂದು ಮೂಲೆಯಲ್ಲಿ ಬಿಳಿ ಕಾಗದ ಇಟ್ಟು ಫೋಟೋ ತೆಗೆದು, ವೈಟ್ ಬ್ಯಾಲೆನ್ಸ್‌ನ ಡ್ರಾಪರ್ ಅದರ ಮೇಲೆ ಒತ್ತಿ. ಬಣ್ಣ ಗಾಢ ಮಾಡುವ ಸ್ಯಾಚುರೇಷನ್ ಸ್ಲೈಡರ್ ಎಳೆಯುವ ಆಸೆ ಸುಮ್ನೆ ಬಿಟ್ಟುಬಿಡಿ. ಅದು ಮಣ್ಣಿನ ಜೊತೆ ಮುಖವನ್ನೂ ಕೆಂಪು ಮಾಡುತ್ತದೆ.

ಮುಖ ಅಂದಾಗ ನೆನಪಾಯಿತು. "ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ" ಎಂದು ಮದುವೆ ಆಲ್ಬಮ್‌ಗೆ ಹೇಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಕಳಿಸುತ್ತಿದ್ದ ಶರ್ಲಿ ಕಾರ್ಡ್‌ನಲ್ಲಿ ಬಿಳಿಯ ಹೆಣ್ಣುಮಗಳ ಚಿತ್ರ ಇರುತ್ತಿತ್ತು. ಆ ಮೈಬಣ್ಣ ಸರಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಆ ಅಳತೆಗೋಲು ಹೋಗಿ ಎಷ್ಟೋ ಕಾಲವಾಯಿತು, ನಾವು ಮಾತ್ರ ಕೈಯಾರೆ ಅದನ್ನೇ ವಾಪಸ್ ತರುತ್ತಿದ್ದೇವೆ. ಕಂದು ಚರ್ಮದ ಮೇಲೆ ಬೆಳಕು ಜಾರುವಾಗ ಕೆನ್ನೆ, ಗಲ್ಲ, ಕಣ್ಣಿನ ಕೆಳಗೆ ನೂರೆಂಟು ಛಾಯೆ ಇರುತ್ತವೆ. ಬೆಳ್ಳಗೆ ಮಾಡುವುದು ಅಂದರೆ ಅಷ್ಟನ್ನೂ 255ರ ಕಡೆ ತಳ್ಳಿ ಚಪ್ಪಟೆ ಮಾಡುವುದು. ಅಜ್ಜಿಯ ಹಣೆಯ ಗೆರೆ ಒರೆಸಿಹೋದ ಆಲ್ಬಮ್ ಯಾರಿಗೆ ಬೇಕು?

ಇನ್ನೊಂದು ನಂಬಿಕೆ. ಜಾತ್ರೆಯ ರಾತ್ರಿ ತೆಗೆದ ಫೋಟೋದಲ್ಲಿ ತೇರಿನ ಮೇಲೆ ಬೆಳಕಿನ ಗುಂಡು ಕಂಡರೆ ಪವಾಡ, ಪಾಳುಮನೆಯಲ್ಲಿ ಕಂಡರೆ ದೆವ್ವ. ಅದು ಸಾಮಾನ್ಯವಾಗಿ ಧೂಳು. ಮೊಬೈಲ್‌ನಲ್ಲಿ ಫ್ಲ್ಯಾಶ್ ಇರುವುದು ಲೆನ್ಸ್ ಪಕ್ಕದಲ್ಲೇ. ಲೆನ್ಸ್ ಮುಂದೆ ತೇಲುವ ಕಣಕ್ಕೆ ಬೆಳಕು ಬಡಿದು ನೇರ ವಾಪಸ್ ಬರುತ್ತದೆ, ಫೋಕಸ್ ಇಲ್ಲದ್ದರಿಂದ ದುಂಡಗೆ ಹರಡುತ್ತದೆ. ನಮ್ಮ ಕಡೆ ಧೂಳಿಗೇನು ಬರ? ಫ್ಲ್ಯಾಶ್ ಆರಿಸಿ ಅಲ್ಲೇ ಇನ್ನೊಂದು ಫೋಟೋ ತೆಗೆಯಿರಿ, ಗುಂಡು ಇರಲ್ಲ.

ಕೊನೆಗೆ, ಈ ಕೈಚಳಕ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಶಾಸನಗಳು. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಗಲ್ಲಿನಲ್ಲಿ ಅಶೋಕನ ಹೆಸರೇ ಇತ್ತು. ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬ ಬಿರುದಿನ ರಾಜ ಅಂದರೆ ಅಶೋಕನೇ ಎಂಬುದು ಗಟ್ಟಿಯಾದದ್ದು ಅದರಿಂದ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲೂ ಅಶೋಕನ ಶಾಸನಗಳಿವೆ. ನಿಮ್ಮೂರ ಗುಡಿಯ ಮುಂದೆಯೂ ಓದಲು ಬಾರದ ಕಲ್ಲೊಂದು ನಿಂತಿರಬಹುದು. ಮಧ್ಯಾಹ್ನ ತೆಗೆದರೆ ಅಕ್ಷರದ ತೋಡಿನಲ್ಲಿ ನೆರಳೇ ಇರುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬೀಳುವಾಗ ಹೋಗಿ. ಸ್ವಲ್ಪ ಕಡಿಮೆ ಬೆಳಕಲ್ಲಿ ತೆಗೆಯಿರಿ. ಕಪ್ಪು ಬಿಳುಪು ಮಾಡಿ, ಕರ್ವ್ಸ್ (ಬೆಳಕು ಕತ್ತಲನ್ನು ಒಂದು ಗೆರೆ ಬಾಗಿಸಿ ಹೊಂದಿಸುವ ಸಾಧನ) ತೆರೆದು ಗೆರೆಯ ನಡುಭಾಗವನ್ನು ಕಡಿದಾಗಿ ನಿಲ್ಲಿಸಿ. ಅಕ್ಷರಗಳು ಎದ್ದು ಬರುತ್ತವೆ. ಎಐ ಎನ್‌ಹಾನ್ಸ್ ಇಲ್ಲಿ ಮುಟ್ಟಲೇಬಾರದು. ಸವೆದ ಬ್ರಾಹ್ಮಿ ಅಕ್ಷರದ ಜಾಗದಲ್ಲಿ ಅದು ತನಗೆ ತೋಚಿದ ಗೀಟು ಎಳೆದುಬಿಡುತ್ತದೆ, ಓದುವವರು ಅದನ್ನೇ ಶಾಸನ ಅಂದುಕೊಳ್ಳುತ್ತಾರೆ. ಎಡಿಟ್ ಮಾಡಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಫೈಲ್ ಹಾಗೇ ಇರಲಿ. ಓದಬಲ್ಲವರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಎರಡನ್ನೂ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಫೈಲನ್ನು ಕುಗ್ಗಿಸುತ್ತದೆ, ಸಣ್ಣ ಗೀಟುಗಳು ಮೊದಲು ಹೋಗುತ್ತವೆ.