ಬಡ್ಡಿಗೇ ‘ಲಾಭ’ ಅಂತ ಹೆಸರಿಟ್ಟಿದ್ದಾರಾ?

ಪ್ರಶ್ನೆ: ಸರ್, ನಾನು ಉಡುಪಿ ಕಡೆಯವನು, ಭೇಂಡಿ ಬಜಾರ್ ಹತ್ತಿರದ ಬ್ಯಾಂಕ್ ಶಾಖೆಯಲ್ಲಿ ಆಫೀಸರ್. ಇಸ್ಲಾಮಿಕ್ ಬ್ಯಾಂಕಿಂಗಿನಲ್ಲಿ ಬಡ್ಡಿ ಇಲ್ಲ ಅಂತಾರೆ. ಆದರೆ ಲಾಭ ತಗೋತಾರೆ. ಎರಡೂ ಒಂದೇ ಅಲ್ವಾ?

ಅಲ್ಲ. ಮುಂಬೈಯ ಬ್ಯಾಂಕ್ ನೌಕರರಿಗೆ ಪಾಠ ಮಾಡುವಾಗೆಲ್ಲ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ದಿನವಿಡೀ ಬಡ್ಡಿ ಲೆಕ್ಕ ಹಾಕುವವರೇ ಇದನ್ನು ಕೇಳಿದಾಗ ಬೇಸರವಾಗುತ್ತದೆ.

ಒಬ್ಬ ದರ್ಜಿಗೆ 1 ಲಕ್ಷ ರೂಪಾಯಿಯ ಹೊಲಿಗೆ ಯಂತ್ರ ಬೇಕು ಅಂದುಕೊಳ್ಳಿ. ನಮ್ಮ ಮಾಮೂಲಿ ಬ್ಯಾಂಕು ಸಾಲ ಕೊಡುತ್ತದೆ. ಯಂತ್ರ ಕೆಟ್ಟರೂ ಸಾಲ ಸಾಲವೇ. ಇಸ್ಲಾಮಿಕ್ ಬ್ಯಾಂಕಿನ ಮುರಾಬಹಾ, ಅಂದರೆ ಲಾಭ ಸೇರಿಸಿ ಮಾರುವ ಒಪ್ಪಂದದಲ್ಲಿ, ಬ್ಯಾಂಕೇ ಮೊದಲು ಯಂತ್ರ ಕೊಳ್ಳಬೇಕು. ಕೊಂಡ ಬೆಲೆ ಇಷ್ಟು, ನನ್ನ ಲಾಭ ಇಷ್ಟು ಎಂದು ಬಿಚ್ಚಿ ಹೇಳಿ, 1,12,000ಕ್ಕೆ ಕಂತಿನ ಮೇಲೆ ಮಾರಬೇಕು. ದರ್ಜಿಯ ಕೈ ಸೇರುವ ಮೊದಲೇ ಯಂತ್ರ ಹಾಳಾದರೆ ನಷ್ಟ ಬ್ಯಾಂಕಿನದು. ಮಾರಿದ ಮೇಲೆ ಬೆಲೆ ಏರಿಸುವಂತಿಲ್ಲ. ಕಂತು ತಡವಾಗಿದ್ದಕ್ಕೆ ದಂಡ ಹಾಕಿದರೂ ಅದು ದಾನಕ್ಕೆ ಹೋಗಬೇಕು, ಬ್ಯಾಂಕಿನ ಆದಾಯಕ್ಕಲ್ಲ. ನಮ್ಮಲ್ಲೋ, ಕಟ್ಟದೆ ಉಳಿದ ಬಡ್ಡಿಯ ಮೇಲೂ ಬಡ್ಡಿ ಓಡುತ್ತದೆ.

“ಆದರೂ ಆ 12,000 ನಮ್ಮ ಬಡ್ಡಿಯಷ್ಟೇ ಆಯ್ತಲ್ಲ?” ಆಗಬಹುದು. ಎಷ್ಟೋ ಇಸ್ಲಾಮಿಕ್ ಬ್ಯಾಂಕುಗಳು ಮಾರುಕಟ್ಟೆಯ ಬಡ್ಡಿದರ ನೋಡಿಯೇ ಲಾಭ ಗೊತ್ತುಮಾಡುತ್ತವೆ. ಅದನ್ನು ಟೀಕಿಸುವ ಮುಸ್ಲಿಂ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಆದರೆ ಮೊತ್ತ ಒಂದೇ ಆದ ಮಾತ್ರಕ್ಕೆ ವ್ಯವಹಾರ ಒಂದೇ ಆಗುವುದಿಲ್ಲ. ನಷ್ಟದ ಹೊಣೆ ಯಾರದು? ಅದನ್ನು ನೋಡಿ. ಮುಶಾರಕಾ ಎಂಬ ಇನ್ನೊಂದು ಬಗೆಯ ಒಪ್ಪಂದದಲ್ಲಂತೂ ಬ್ಯಾಂಕು ಪಾಲುದಾರ. ನಷ್ಟವಾದರೆ ತಾನು ಹಾಕಿದ ಬಂಡವಾಳಕ್ಕೆ ತಕ್ಕಷ್ಟು ಹೊರಲೇಬೇಕು.

ಇದು ನಿಮ್ಮ ಶಾಖೆಯಲ್ಲಿ ಯಾಕಿಲ್ಲ ಅಂದರೆ, 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಸೆಕ್ಷನ್ ಬ್ಯಾಂಕು ಸರಕು ಕೊಂಡು ಮಾರುವುದನ್ನು ತಡೆಯುತ್ತದೆ. ಇಸ್ಲಾಮಿಕ್ ಬ್ಯಾಂಕಿಂಗಿನ ಪ್ರಸ್ತಾವವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ಕೈಬಿಟ್ಟಿತು. ಹಾಗಂತ ಬಡ್ಡಿ ಬೇಡ ಅಂತ ಕೌಂಟರಿಗೆ ಬಂದವರನ್ನು ಸುಮ್ನೆ ವಾಪಸ್ ಕಳಿಸಬೇಡಿ. ಕರೆಂಟ್ ಖಾತೆಗೆ ಬಡ್ಡಿ ಬೀಳುವುದಿಲ್ಲ ಎಂದು ತಿಳಿಸಿ. ಷೇರಿನ ಬಗ್ಗೆ ಕೇಳಿದರೆ, ದಲಾಲ್ ಸ್ಟ್ರೀಟಿನ ಮುಂಬೈ ಷೇರುಪೇಟೆಯಲ್ಲೇ 2010ರಲ್ಲಿ ಶರಿಯಾ ಸೂಚ್ಯಂಕ (ಇಸ್ಲಾಮಿಕ್ ನಿಯಮಕ್ಕೆ ಹೊಂದುವ ಕಂಪನಿಗಳ ಷೇರು ಸೂಚ್ಯಂಕ) ಶುರುವಾಗಿದೆ ಎಂದು ಹೇಳಿ.

ಮನೆಗೂ ಹೀಗೇ ಮಾಡಬಹುದಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದೇ ಅದು. ಬ್ಯಾಂಕು ಫ್ಲಾಟ್ ಕೊಂಡು ಗಿರಾಕಿಗೆ ಮಾರಿದರೆ ಎರಡು ಮಾರಾಟ, ಎರಡು ಸಲ ಸ್ಟ್ಯಾಂಪ್ ಡ್ಯೂಟಿ. ಮುಂಬೈಯ ಫ್ಲಾಟ್ ಬೆಲೆಗೆ ಅದು ಎಷ್ಟಾಗುತ್ತದೆ ಎಂದು ನಿಮಗೇ ಗೊತ್ತು. ಬ್ರಿಟನ್ನಿನಲ್ಲೂ ಇದೇ ತೊಡಕಿತ್ತು. 2003ರಲ್ಲಿ ಅವರು ಕಾನೂನು ತಿದ್ದಿ, ಎರಡನೇ ಸಲದ ಡ್ಯೂಟಿ ತೆಗೆದುಹಾಕಿದರು.