ಸೆಲ್ ಮೆಂಬ್ರೇನ್ ದಾಟೋದು: ಎರಡು ಪ್ರಶ್ನೆ, ಒಂದು ಓಆರ್‌ಎಸ್ ಪ್ಯಾಕೆಟ್

ಫಸ್ಟ್ ಪಿಯುಸಿಯವ್ರೇ, ಡಿಫ್ಯೂಷನ್, ಆಸ್ಮೋಸಿಸ್, ಆಕ್ಟಿವ್ ಟ್ರಾನ್ಸ್‌ಪೋರ್ಟ್ ಅಂತ ಡೆಫಿನಿಷನ್ ಒಂದೊಂದೇ ಬಾಯಿಪಾಠ ಮಾಡ್ಬೇಡಿ, ಪರೀಕ್ಷೆ ಹಾಲ್‌ನಲ್ಲಿ ಎಲ್ಲಾ ಕಲಸುಮೇಲೋಗರ ಆಗತ್ತೆ. ಯಾವ ವಸ್ತು ಬಂದ್ರೂ ಎರಡು ಪ್ರಶ್ನೆ ಕೇಳ್ಕೊಳ್ಳಿ: ಮೆಂಬ್ರೇನ್‌ನ, ಅಂದ್ರೆ ಸೆಲ್ ಸುತ್ತ ಇರೋ ಪೊರೆಯ, ಲಿಪಿಡ್ (ಕೊಬ್ಬಿನ) ಪದರದಲ್ಲಿ ತಾನಾಗೇ ತೂರ್ಕೊಂಡು ಹೋಗತ್ತಾ? ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ಹೋಗ್ತಿದ್ಯಾ, ಇಲ್ಲಾ ಉಲ್ಟಾನಾ?

ಆಕ್ಸಿಜನ್, ಕಾರ್ಬನ್ ಡೈ ಆಕ್ಸೈಡ್ ಸಣ್ಣವು, ಚಾರ್ಜ್ ಇಲ್ಲ, ಸೀದಾ ತೂರ್ತವೆ, ಸಿಂಪಲ್ ಡಿಫ್ಯೂಷನ್, ಅಷ್ಟೇ. ಗ್ಲೂಕೋಸ್ ದೊಡ್ಡದು, ಸೋಡಿಯಂಗೆ ಚಾರ್ಜ್ ಇದೆ, ಇವಕ್ಕೆ ಪ್ರೋಟೀನ್ ಬೇಕೇ ಬೇಕು. ಆದ್ರೆ ಪ್ರೋಟೀನ್ ಇದ್ದ ಮಾತ್ರಕ್ಕೆ ಆಕ್ಟಿವ್ ಅಂತ ಬರೀಬೇಡಿ, ಕಮ್ಮಿ ಇರೋ ಕಡೆಗೇ ಹೋಗ್ತಿದ್ರೆ ಎಟಿಪಿ (ಸೆಲ್‌ಗೆ ಎನರ್ಜಿ ಕೊಡೋ ಅಣು) ಖರ್ಚಿಲ್ಲ, ಅದು ಫೆಸಿಲಿಟೇಟೆಡ್ ಡಿಫ್ಯೂಷನ್.

ನೀರಿನ ವಿಷ್ಯಕ್ಕೆ ಪುಸ್ತಕಕ್ಕಿಂತ ಅಡುಗೆಮನೆ ವಾಸಿ. ನಮ್ಮ ಕೋಲಾರದ ಕಡೆ ಸೀಸನ್‌ನಲ್ಲಿ ಶ್ರೀನಿವಾಸಪುರದ ಮಾವಿನಕಾಯಿ ಉಪ್ಪಿನಕಾಯಿಗೆ ಹೆಚ್ಚಿ, ಕಲ್ಲುಪ್ಪು ಕಲಸಿ ಜಾಡಿಗೆ ಹಾಕ್ತಾರಲ್ಲ, ಮಾರನೇ ದಿನ ಮುಚ್ಚಳ ತೆಗೆದ್ರೆ ಹೋಳು ಮೆತ್ತಗೆ ಮುದುಡಿರತ್ತೆ, ತಳದಲ್ಲಿ ನೀರು ನಿಂತಿರತ್ತೆ, ಒಂದು ಹನಿ ನೀರೂ ಯಾರೂ ಹಾಕಿರಲ್ಲ. ಹೊರಗೆ ಹೈಪರ್‌ಟಾನಿಕ್, ಅಂದ್ರೆ ಸೆಲ್ ಒಳಗಿಗಿಂತ ಉಪ್ಪು ಜಾಸ್ತಿ, ಹಾಗಾಗಿ ಸೆಲ್ ಒಳಗಿನ ನೀರು ಆಚೆ ಬಂತು, ಆಸ್ಮೋಸಿಸ್. ನೀರಿಗೆ ಅಂತಲೇ ಅಕ್ವಾಪೋರಿನ್ ಅನ್ನೋ ಚಾನೆಲ್ ಇದೆ, ಅದನ್ನ ಕಂಡುಹಿಡಿದ ಪೀಟರ್ ಅಗ್ರೆಗೆ 2003ರ ಕೆಮಿಸ್ಟ್ರಿ ನೊಬೆಲ್ ಬಂತು.

ಉಲ್ಟಾ, ಅಂದ್ರೆ ಕಮ್ಮಿ ಇರೋ ಕಡೆಯಿಂದ ಜಾಸ್ತಿ ಇರೋ ಕಡೆಗೆ, ಹೋಗ್ಬೇಕಂದ್ರೆ ಎನರ್ಜಿ ಬೇಕು, ಅದೇ ಆಕ್ಟಿವ್ ಟ್ರಾನ್ಸ್‌ಪೋರ್ಟ್. ಸೋಡಿಯಂ-ಪೊಟ್ಯಾಸಿಯಂ ಪಂಪ್ ಒಂದು ಎಟಿಪಿಗೆ 3 ಸೋಡಿಯಂ ಆಚೆ ಹಾಕಿ 2 ಪೊಟ್ಯಾಸಿಯಂ ಒಳಗೆ ತಗೊಳ್ಳತ್ತೆ, ಅದರಿಂದ ಸೆಲ್ ಒಳಗೆ ಸೋಡಿಯಂ ಯಾವಾಗ್ಲೂ ಕಮ್ಮಿ. ಈಗ ನನಗೆ ತುಂಬಾ ಇಷ್ಟದ ಭಾಗ. ಭೇದಿ ಆದಾಗ ಆಶಾ ಅಕ್ಕ ಕೊಡೋ ಓಆರ್‌ಎಸ್ ಪ್ಯಾಕೆಟ್ ತಿರುಗಿಸಿ ಓದಿ, ಒಂದು ಲೀಟರ್‌ಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್. ಗ್ಲೂಕೋಸ್ ಬರೀ ರುಚಿಗಲ್ಲ! ಸಣ್ಣ ಕರುಳಿನ ಸೆಲ್‌ನಲ್ಲಿ ಎಸ್‌ಜಿಎಲ್‌ಟಿ1 ಅನ್ನೋ ಪ್ರೋಟೀನ್ ಇದೆ, ಅದು 2 ಸೋಡಿಯಂ ಜೊತೆ 1 ಗ್ಲೂಕೋಸ್ ಸೇರಿಸಿ ಒಳಗೆ ಎಳ್ಕೊಳ್ಳತ್ತೆ, ಇವು ಹೋದ ಹಿಂದೆಯೇ ನೀರೂ ಹೋಗತ್ತೆ. ಕಾಲರಾದಲ್ಲೂ ಈ ದಾರಿ ಕೆಡಲ್ಲ, ಅದಕ್ಕೇ ಡ್ರಿಪ್ ಇಲ್ಲದ ಹಳ್ಳೀಲೂ ಎಷ್ಟೋ ಮಕ್ಕಳ ಜೀವ ಉಳಿಯತ್ತೆ.

ಎಸ್‌ಜಿಎಲ್‌ಟಿ1 ತಾನೇ ಎಟಿಪಿ ಒಡೆಯಲ್ಲ, ಪಂಪ್ ಮಾಡಿಟ್ಟ ಸೋಡಿಯಂ ವ್ಯತ್ಯಾಸವನ್ನ ಬಳಸ್ಕೊಳ್ಳತ್ತೆ, ಆದ್ರಿಂದ ಪಂಪ್‌ಗೆ ಪ್ರೈಮರಿ ಅಂತ ಬರೀರಿ, ಇದಕ್ಕೆ ಸೆಕೆಂಡರಿ ಆಕ್ಟಿವ್ ಟ್ರಾನ್ಸ್‌ಪೋರ್ಟ್ ಅಂತ.