ಓನೀಲ್ ಬೀಗ ಹಾಕಿಟ್ಟ ನಾಟಕದ ಕಥೆ

1951ರ ಜೂನ್‌ನಲ್ಲಿ ಅಮೆರಿಕದ ನಾಟಕಕಾರ ಯುಜೀನ್ ಓನೀಲ್ ಅವರಿಂದ ಪ್ರಕಾಶಕ ಬೆನೆಟ್ ಸರ್ಫ್ ಅವರಿಗೆ ಒಂದು ಕಾಗದ ಹೋಯಿತು. ಅದರಲ್ಲಿ 'ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್' ನಾಟಕದ ಬಗ್ಗೆ ಎರಡು ಮಾತಿತ್ತು. ನಾನು ಸತ್ತು 25 ವರ್ಷ ಆದ ಮೇಲೆ ಅಚ್ಚು ಹಾಕಿ. ರಂಗದ ಮೇಲೆ ಮಾತ್ರ ಯಾವತ್ತೂ ಆಡಿಸಬೇಡಿ.

1953ರ ನವೆಂಬರ್ 27ರಂದು ಬಾಸ್ಟನ್‌ನ ಒಂದು ಹೋಟೆಲ್ ಕೋಣೆಯಲ್ಲಿ ಓನೀಲ್ ತೀರಿಕೊಂಡರು. ಅವರ ಲೆಕ್ಕದಲ್ಲಿ ಪುಸ್ತಕ ಬರಬೇಕಿದ್ದದ್ದು 1978ರಲ್ಲಿ. ಬಂದದ್ದು 1956ರ ಫೆಬ್ರವರಿಯಲ್ಲಿ. ನಾಟಕ ರಂಗಕ್ಕೆ ಬಂದದ್ದೂ ಅದೇ ತಿಂಗಳು.

ಅವತ್ತಿನಿಂದ ಒಂದು ಜಗಳ ನಡೆದೇ ಇದೆ. ಸತ್ತವರ ಮಾತು ಮೀರಿದ್ದು ಸರಿಯಾ, ತಪ್ಪಾ? ಅದರ ಜೊತೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡು ಗೋಜಲಾಗಿದೆ: ಓನೀಲ್ ದೊಡ್ಡ ನಾಟಕಕಾರ ಆಗಿದ್ದು ಬದುಕಿದ್ದಾಗ ಬರೆದ ನಾಟಕಗಳಿಂದಲಾ, ಅಥವಾ ತೀರಿಕೊಂಡ ಮೇಲೆ ಹೊರಬಂದ ಈ ಒಂದರಿಂದಲಾ?

ಮೊದಲಿನ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಹಡಗಿನಲ್ಲಿ ದುಡಿದು, ಕುಡಿದು, ಒಮ್ಮೆ ಆತ್ಮಹತ್ಯೆಗೂ ಯತ್ನಿಸಿ, ಕ್ಷಯ ಹಿಡಿದು ಸ್ಯಾನಿಟೋರಿಯಂ ಸೇರಿದ ಹುಡುಗ ಅಲ್ಲಿಂದ ನಾಟಕ ಬರೆಯುವ ಹಟ ಹೊತ್ತು ಬಂದ. 1916ರಲ್ಲಿ ಪ್ರಾವಿನ್ಸ್‌ಟೌನ್ ಎಂಬ ಕಡಲೂರಿನಲ್ಲಿ, ಹಡಗುಕಟ್ಟೆಯ ಮೇಲಿನ ಹಳೇ ಶೆಡ್ಡಿನಲ್ಲಿ, 'ಬೌಂಡ್ ಈಸ್ಟ್ ಫಾರ್ ಕಾರ್ಡಿಫ್' ಆಡಿದರು. ಮಂಜಿನ ರಾತ್ರಿ ಹಡಗಿನಲ್ಲೇ ಸಾಯುವ ಒಬ್ಬ ನಾವಿಕನ ಕಥೆ. ಅವತ್ತು ಹೊರಗೂ ನಿಜವಾಗಿ ಮಂಜು ಕವಿದಿತ್ತಂತೆ. ನಾಲ್ಕು ವರ್ಷದಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇ, ಅಮೆರಿಕದ ದೊಡ್ಡ ಬಹುಮಾನವಾದ ಪುಲಿಟ್ಜರ್ ಮೊದಲ ಸಲ. ಆಮೇಲೆ ಇನ್ನೆರಡು. 1936ರಲ್ಲಿ ನೊಬೆಲ್. ಆ ಬಹುಮಾನ ಪಡೆದ ಅಮೆರಿಕದ ನಾಟಕಕಾರ ಇವತ್ತಿಗೂ ಅವರೊಬ್ಬರೇ.

ಇಪ್ಪತ್ತರ ದಶಕದ ಓನೀಲ್ ಕೈಯಲ್ಲಿ ಆಡದ ಆಟವಿಲ್ಲ. 'ದಿ ಎಂಪರರ್ ಜೋನ್ಸ್'ನಲ್ಲಿ ಎದೆ ಬಡಿತದ ಲಯದಲ್ಲಿ ಶುರುವಾಗುವ ಡೋಲು ನಾಟಕದುದ್ದಕ್ಕೂ ಹೊಡೆದುಕೊಳ್ಳುತ್ತದೆ. ಒಂದು ನಾಟಕಕ್ಕೆ ಮುಖವಾಡ, ಇನ್ನೊಂದಕ್ಕೆ ಗ್ರೀಕ್ ದುರಂತದ ಎಳೆ. 'ಸ್ಟ್ರೇಂಜ್ ಇಂಟರ್‌ಲ್ಯೂಡ್' ನೋಡಲು ಬಂದವರು ನಡುವೆ ಎದ್ದು ಹೋಗಿ ಊಟ ಮಾಡಿ ಬರಬೇಕಿತ್ತು, ಅಷ್ಟು ಉದ್ದ. ಬಾಸ್ಟನ್ ಆಡಳಿತ ಅದನ್ನು ಬೇಡ ಅಂದಾಗ ತಂಡ ಪಕ್ಕದ ಕ್ವಿನ್ಸಿ ಊರಿಗೆ ಹೋಗಿ ಆಡಿತು. ಜನ ಅಲ್ಲಿಗೇ ಹೋದರು.

ಆಮೇಲೆ ಗ್ರಹಚಾರ ಕೆಟ್ಟಿತು. 1934ರ 'ಡೇಸ್ ವಿದೌಟ್ ಎಂಡ್' ಬಿದ್ದುಹೋಯಿತು. ಹನ್ನೆರಡು ವರ್ಷ ಹೊಸ ನಾಟಕ ಇಲ್ಲ. 1946ರಲ್ಲಿ 'ದಿ ಐಸ್‌ಮ್ಯಾನ್ ಕಮೆತ್' ಬಂದಾಗ ಗೌರವ ಸಿಕ್ಕಿತು, ಪ್ರೀತಿ ಸಿಗಲಿಲ್ಲ; 136 ಪ್ರಯೋಗಕ್ಕೆ ನಿಂತಿತು. ಮರುವರ್ಷ 'ಎ ಮೂನ್ ಫಾರ್ ದಿ ಮಿಸ್‌ಬಿಗಾಟನ್' ನ್ಯೂಯಾರ್ಕ್ ಮುಟ್ಟುವ ಮೊದಲೇ ದಾರಿಯಲ್ಲಿ ಮುಗಿಯಿತು. ಮಾತಿನಲ್ಲಿ ಹದವಿಲ್ಲ, ಹೇಳಿದ್ದನ್ನೇ ಹೇಳುತ್ತಾರೆ ಎಂದು ವಿಮರ್ಶಕರು ದೂರಿದರು. 1952ರಲ್ಲಿ ಎರಿಕ್ ಬೆಂಟ್ಲಿ ಬರೆದ ಪ್ರಬಂಧದ ಹೆಸರಿನ ಅರ್ಥವೇ 'ಓನೀಲ್‌ರನ್ನು ಮೆಚ್ಚಲು ಹೆಣಗುತ್ತಾ' ಅಂತ. ಹೆಣಗಿದರೂ ಆಗಲಿಲ್ಲ ಅನ್ನೋದು ಅದರ ತಾತ್ಪರ್ಯ.

ಹೊರಗಿನ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಅಷ್ಟರಲ್ಲಿ 'ಲಾಂಗ್ ಡೇಸ್ ಜರ್ನಿ' ಬರೆದು ಹತ್ತು ವರ್ಷ ಆಗಿತ್ತು.

ಬರೆದದ್ದು ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್ ಬೆಟ್ಟದ ಮೇಲಿನ 'ಟಾವೊ ಹೌಸ್' ಮನೆಯಲ್ಲಿ, 1939ರಿಂದ 41ರವರೆಗೆ. ಕೈ ನಡುಗುತ್ತಿತ್ತು. ಟೈಪ್ ಮಾಡಲು ಬಾರದು, ಬಾಯಲ್ಲಿ ಹೇಳಿ ಬರೆಸಲು ಮನಸ್ಸು ಒಗ್ಗದು. ಪೆನ್ಸಿಲ್ಲೇ ಗತಿ. ನಡುಕ ಹಿಡಿತಕ್ಕೆ ಬರಲೆಂದು ಅಕ್ಷರ ಸಣ್ಣ ಮಾಡುತ್ತಾ ಹೋದರು. ಸಾಸಿವೆ ಚೆಲ್ಲಿದ ಹಾಗೆ ಕಾಣುವ ಆ ಅಕ್ಷರವನ್ನು ಹೆಂಡತಿ ಕಾರ್ಲೊಟ್ಟಾ ಭೂತಗನ್ನಡಿ ಹಿಡಿದು ಓದಿ ಟೈಪ್ ಮಾಡಬೇಕಾಯಿತು. ಕೆಲಸದ ಕೋಣೆಯಿಂದ ಹೊರಗೆ ಬರುವಾಗ ಅವರ ಕಣ್ಣು ಅತ್ತು ಕೆಂಪಾಗಿರುತ್ತಿತ್ತು ಎಂದು ಆಕೆ ಆಮೇಲೆ ಹೇಳಿದ್ದಾರೆ. 1941ರ ಜುಲೈ 22, ಅವರ ಮದುವೆಯ ಹನ್ನೆರಡನೇ ವರ್ಷದ ದಿನ, ಹಸ್ತಪ್ರತಿಯನ್ನು ಆಕೆಗೇ ಕೊಟ್ಟರು. ಹಳೇ ನೋವಿನ ನಾಟಕ, ಕಣ್ಣೀರು ಮತ್ತು ನೆತ್ತರಿನಲ್ಲಿ ಬರೆದದ್ದು ಎಂದು ಅರ್ಪಣೆ.

1945ರ ನವೆಂಬರ್ 29ರಂದು ಒಂದು ಪ್ರತಿಗೆ ಅರಗಿನ ಮುದ್ರೆ ಬಿತ್ತು. ಅದು ಸರ್ಫ್ ಅವರ ರ‍್ಯಾಂಡಮ್ ಹೌಸ್ ಪ್ರಕಾಶನದ ತಿಜೋರಿ ಸೇರಿತು. 25 ವರ್ಷದ ಕರಾರು ಆದದ್ದು ಆಗಲೇ.

ಓನೀಲ್ ತೀರಿಕೊಂಡ ಮೇಲೆ ಹಕ್ಕು ಕಾರ್ಲೊಟ್ಟಾ ಅವರಿಗೆ ಬಂತು. ನಾಟಕವನ್ನು ಪ್ರಕಟಿಸಿ ಎಂದು ಅವರು ಕೇಳಿದರು. ಬೀಗ ಹಾಕಿಸಲು ಹೇಳಿದ್ದು ಮೊದಲ ಮದುವೆಯ ಮಗ, ಅವನು 1950ರಲ್ಲಿ ತೀರಿಕೊಂಡಿದ್ದಾನೆ, ಇನ್ನು ಕಾರಣವಿಲ್ಲ ಎಂಬುದು ಅವರ ಮಾತು. ಸರ್ಫ್ ಒಪ್ಪಲಿಲ್ಲ. ಮಗ ಸತ್ತ ಮೇಲೆ ಬಂದ 1951ರ ಕಾಗದ ಅವರ ಕೈಯಲ್ಲೇ ಇತ್ತಲ್ಲ. ಕಾನೂನು ಆಕೆಯ ಕಡೆಗಿತ್ತು. ರ‍್ಯಾಂಡಮ್ ಹೌಸ್ ಪಕ್ಕಕ್ಕೆ ಸರಿಯಿತು, ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ಪುಸ್ತಕ ತಂದಿತು. ಇಬ್ಬರ ಮಾತಲ್ಲೂ ನ್ಯಾಯ ಕಾಣುತ್ತದೆ. ಹಾಗಾಗಿಯೇ ಈ ಜಗಳ ಮುಗಿಯೋದಿಲ್ಲ.

ಮೊದಲ ಪ್ರಯೋಗ 1956ರ ಫೆಬ್ರವರಿ 10ರಂದು ಸ್ಟಾಕ್‌ಹೋಮ್‌ನ ರಾಯಲ್ ಡ್ರಾಮಾಟಿಕ್ ಥಿಯೇಟರ್‌ನಲ್ಲಿ, ಸ್ವೀಡಿಷ್ ಭಾಷೆಯಲ್ಲಿ ಆಯಿತು. ಅಮೆರಿಕ ಕೈಬಿಟ್ಟಾಗಲೂ ಅವರ ನಾಟಕಗಳನ್ನು ಆಡುತ್ತಾ ಬಂದ ಮನೆ ಅದು. ಅದೇ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸಣ್ಣ ರಂಗಮಂದಿರವೊಂದರಲ್ಲಿ ಹೊಸೆ ಕ್ವಿಂಟೆರೊ ಎಂಬ ಯುವ ನಿರ್ದೇಶಕ 'ಐಸ್‌ಮ್ಯಾನ್' ಅನ್ನು ಮತ್ತೆ ಎತ್ತಿಕೊಂಡರು. ಹತ್ತು ವರ್ಷದ ಹಿಂದೆ 136ಕ್ಕೆ ನಿಂತದ್ದು ಈಗ 565 ಪ್ರಯೋಗ ಓಡಿತು. ಕಾರ್ಲೊಟ್ಟಾ ಬೀಗ ಒಡೆದ ನಾಟಕವನ್ನೂ ಅವರಿಗೇ ಕೊಟ್ಟರು. ನವೆಂಬರ್‌ನಲ್ಲಿ ಬ್ರಾಡ್‌ವೇ, ಮರುವರ್ಷ ನಾಲ್ಕನೇ ಪುಲಿಟ್ಜರ್. ಪಡೆಯಲು ಬರೆದವರಿಲ್ಲ.

ಅಷ್ಟಕ್ಕೂ ನಾಟಕದಲ್ಲಿ ಅಂಥದ್ದೇನಿದೆ? 1912ರ ಆಗಸ್ಟ್‌ನ ಒಂದು ದಿನ. ಬೆಳಗಿನ ತಿಂಡಿ ಆದಮೇಲೆ ಶುರು, ನಡುರಾತ್ರಿಗೆ ಮುಗಿಯುತ್ತದೆ. ಕಡಲ ದಂಡೆಯ ಮನೆ, ನಾಲ್ಕು ಜನ. ತಾಯಿ ಮೇರಿಗೆ ಮಾರ್ಫಿನ್ ಚಟ, ಅಣ್ಣನಿಗೆ ಕುಡಿತ, ತಮ್ಮ ಎಡ್ಮಂಡ್‌ಗೆ ಕ್ಷಯ. ತಂದೆ ಜೇಮ್ಸ್ ಟೈರೋನ್ ಒಬ್ಬ ನಟ. ನಮ್ಮ ಕಂಪನಿ ನಾಟಕದವರಿಗೆ ಅವನ ಕಥೆ ಬಿಡಿಸಿ ಹೇಳಬೇಕಿಲ್ಲ: ಕಲೆಕ್ಷನ್ ತರುವ ಒಂದೇ ಪಾರ್ಟು ಹಿಡಿದು ಊರೂರು ತಿರುಗಿದವನು.

ನಾಲ್ಕನೇ ಅಂಕದಲ್ಲಿ ಅವನು ನಡುರಾತ್ರಿ ಒಂದೇ ದೀಪದ ಬೆಳಕಲ್ಲಿ ಇಸ್ಪೀಟು ಹಾಕಿಕೊಂಡು ಕೂತಿರುತ್ತಾನೆ. ಕರೆಂಟು ಬಿಲ್ಲಿನ ಚಿಂತೆ. ಕತ್ತಲಲ್ಲಿ ಬಂದ ಮಗ ಎಡವಿ ಮೊಣಕಾಲು ಬಡಿಸಿಕೊಳ್ಳುತ್ತಾನೆ. ದೀಪದ ವಿಷಯಕ್ಕೇ ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ ರೇಗಿದ ಅಪ್ಪ ಹಾಳಾಗಿ ಹೋಗಲಿ ಅಂತ ಎಲ್ಲ ಬಲ್ಬೂ ಹಾಕುತ್ತಾನೆ. ಆ ಬೆಳಕಲ್ಲಿ ಅವನ ಬಾಯಿಂದ ನಿಜ ಹೊರಡುತ್ತದೆ. ತಾನು ಶೇಕ್ಸ್‌ಪಿಯರ್ ನಾಟಕದ ನಟ ಆಗಬೇಕಿತ್ತು. ಈ ಹುಡುಗ ನನಗಿಂತ ಚೆನ್ನಾಗಿ ಒಥೆಲೊ ಮಾಡುತ್ತಾನೆ ಎಂದು ದೊಡ್ಡ ನಟ ಎಡ್ವಿನ್ ಬೂತ್ ಹೇಳಿದ್ದರು. ಆ ಮಾತನ್ನು ಚೀಟಿಯಲ್ಲಿ ಬರೆಸಿ ಇಟ್ಟುಕೊಂಡಿದ್ದೆ, ಈಗ ಎಲ್ಲಿದೆಯೋ. ಅದನ್ನು ಬಿಟ್ಟು ಕಲೆಕ್ಷನ್ ಪಾರ್ಟಿನ ಹಿಂದೆ ಹೋಗಿ ಗಳಿಸಿದ ದುಡ್ಡಿನಲ್ಲಿ ತಾನು ಏನು ಕೊಳ್ಳಬೇಕೆಂದಿದ್ದೆ ಅನ್ನೋದೂ ಅವನಿಗೆ ನೆನಪಿಲ್ಲ. ಇಷ್ಟು ಹೇಳಿ, ಬೇಡದ ದೀಪ ಆರಿಸಲಾ ಎಂದು ಮಗನನ್ನು ಕೇಳಿ, ಒಂದೊಂದೇ ಬಲ್ಬು ಆರಿಸುತ್ತಾನೆ. ಮಾರ್ಫಿನ್ ದೃಶ್ಯಗಳನ್ನು ಮರೆತರೂ ಈ ಬಲ್ಬುಗಳನ್ನು ಮರೆಯೋದು ಕಷ್ಟ.

ಇದು ಓನೀಲ್ ಮನೆಯದೇ ಕಥೆ, ಸುಳ್ಳಲ್ಲ. ತಂದೆ ಜೇಮ್ಸ್ ಓನೀಲ್ 'ಕೌಂಟ್ ಆಫ್ ಮಾಂಟೆ ಕ್ರಿಸ್ಟೊ' ಪಾತ್ರವನ್ನು ಸುಮಾರು 6,000 ಸಲ ಮಾಡಿದವರು. ತಾಯಿಗೆ ಮಾರ್ಫಿನ್ ಅಂಟಿದ್ದು ಯುಜೀನ್ ಹೆರಿಗೆಯ ನಂತರ. ಮುದ್ರೆ ಒಡೆದದ್ದೇ ತಡ, ಎಲ್ಲರಿಗೂ ಒಂದು ಕೀಲಿಕೈ ಸಿಕ್ಕ ಹಾಗಾಯಿತು. ಮಂಜು ಬಂದರೆ ಅಮ್ಮ, ಕುಡುಕ ಬಂದರೆ ಅಣ್ಣ. ಹಳೆಯ ಎಲ್ಲ ನಾಟಕಗಳನ್ನೂ ಈ ಮನೆಯ ಕಿಟಕಿಯಿಂದಲೇ ನೋಡುವ ರೂಢಿ ಬಿತ್ತು.

ಆದರೆ ನಾಟಕ ಡೈರಿ ಅಲ್ಲ. ತಾಯಿ 1914ರ ಸುಮಾರಿಗೆ ಆ ಚಟದಿಂದ ಹೊರಬಂದಿದ್ದರು. ನಾಟಕದ ಮೇರಿಗೆ ಅಂಥ ಬಿಡುಗಡೆಯ ಸುಳಿವೂ ಇಲ್ಲ. 1912ರಲ್ಲಿ ಯುಜೀನ್‌ಗೆ ಮದುವೆ ಆಗಿ ಎರಡು ವರ್ಷದ ಮಗನಿದ್ದ, ವಿಚ್ಛೇದನವೂ ಅದೇ ವರ್ಷ. ಎಡ್ಮಂಡ್‌ಗೆ ಹೆಂಡತಿ ಇಲ್ಲ, ಮಗು ಇಲ್ಲ. ಇನ್ನೊಂದು ವಿಷಯ ನೋಡಿ. ಓನೀಲ್ ಮನೆಯಲ್ಲಿ ಯುಜೀನ್ ಹುಟ್ಟುವ ಮೊದಲು ದಡಾರದಿಂದ ಸತ್ತ ಕೂಸಿನ ಹೆಸರು ಎಡ್ಮಂಡ್. ನಾಟಕದಲ್ಲಿ ಸತ್ತ ಕೂಸಿನ ಹೆಸರು ಯುಜೀನ್, ಬದುಕಿದವನು ಎಡ್ಮಂಡ್. ಸತ್ತವನಿಗೆ ತನ್ನ ಹೆಸರು ಕೊಟ್ಟು, ಅವನ ಹೆಸರು ತಾನು ತೊಟ್ಟುಕೊಂಡರು. ಇಂಥದ್ದನ್ನು ಸುಮ್ನೆ ನೆನಪು ಬರೆದಿಡುವವರು ಮಾಡೋದಿಲ್ಲ ಅಲ್ವಾ?

ಈ ಓದಿನ ಅಬ್ಬರದಲ್ಲಿ ಹಿಂದೆ ಬಿದ್ದದ್ದು ಇಪ್ಪತ್ತರ ದಶಕದ ನಾಟಕಗಳು. ಅವುಗಳಲ್ಲಿ ಬಗೆಹರಿಯದ ಪ್ರಶ್ನೆಗಳಿವೆ. 'ದಿ ಎಂಪರರ್ ಜೋನ್ಸ್'ನಲ್ಲಿ ಜೋನ್ಸ್ ಪಾತ್ರ ಮಾಡಿದ ಕಪ್ಪು ನಟ ಚಾರ್ಲ್ಸ್ ಗಿಲ್ಪಿನ್, ತನ್ನ ಜನರನ್ನು ಹೀನಾಯವಾಗಿ ಕರೆಯುವ ಪದವನ್ನು ಆಡಲಾರೆ ಎಂದು ಮಾತು ಬದಲಿಸಿಕೊಂಡರು. ನಾಟಕಕಾರನ ಜೊತೆ ಜಟಾಪಟಿ ಆಯಿತು. 1924ರಲ್ಲಿ ಆ ಪಾತ್ರ ಪಾಲ್ ರೋಬ್ಸನ್ ಪಾಲಾಯಿತು. ಅದೇ ವರ್ಷ ಕಪ್ಪು ಗಂಡ, ಬಿಳಿ ಹೆಂಡತಿಯ 'ಆಲ್ ಗಾಡ್ಸ್ ಚಿಲ್ಲನ್' ನಾಟಕದಲ್ಲಿ ಮಕ್ಕಳು ನಟಿಸಲು ನಗರಾಡಳಿತ ಬಿಡಲಿಲ್ಲ. ಇದನ್ನೆಲ್ಲ ಎದುರು ಕೂರಿಸಿಕೊಂಡು ಮಾತಾಡುವುದಕ್ಕಿಂತ ಟೈರೋನ್ ಮನೆಯ ಜಗಳ ನೋಡಿ ಕಣ್ಣೊರೆಸಿಕೊಳ್ಳುವುದು ಸುಲಭ.

ನಮ್ಮ ಕಡೆಯದೂ ಒಂದು ಮಾತಿದೆ. 'ಯಯಾತಿ'ಯ ಆಕಾರ ತನಗೆ ಬಂದದ್ದು ಊರಲ್ಲಿ ನೋಡಿದ ಪೌರಾಣಿಕ ನಾಟಕಗಳಿಂದಲ್ಲ, ಪುಸ್ತಕದಲ್ಲಿ ಓದಿದ ಪಶ್ಚಿಮದವರಿಂದ ಎಂದು ಗಿರೀಶ ಕಾರ್ನಾಡರು ಬರೆದಿದ್ದಾರೆ. ಅಲ್ಲಿ ಫ್ರಾನ್ಸಿನ ಅನೂಯಿ, ಸಾರ್ತ್ರ್ ಮತ್ತು ಗ್ರೀಕರ ಜೊತೆ ಓನೀಲ್ ಹೆಸರೂ ಇದೆ. ಮಗನ ಯೌವನ ಕೇಳುವ ಅಪ್ಪನ ಕಥೆ ಬರೆದವರಿಗೆ ಓನೀಲ್ ಹತ್ತಿರ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅವರು ಕಲಿತೆ ಎಂದದ್ದು ಆಕಾರವನ್ನು, ಯಾರದೋ ಮನೆಯ ಗುಟ್ಟನ್ನಲ್ಲ.

2011ರಲ್ಲಿ ಇನ್ನೊಂದು ಸಿಕ್ಕಿತು. 'ಎಕ್ಸಾರ್ಸಿಸಂ' ಎಂಬ ಏಕಾಂಕ. ಓನೀಲ್ ತಮ್ಮ ಆತ್ಮಹತ್ಯೆಯ ಯತ್ನವನ್ನೇ ಇಟ್ಟುಕೊಂಡು ಬರೆದು, 1920ರಲ್ಲಿ ಕೆಲವೇ ಪ್ರಯೋಗ ಆದ ಮೇಲೆ ಪ್ರತಿಗಳನ್ನೆಲ್ಲ ನಾಶ ಮಾಡಿಸಿದ್ದರು. ಒಂದು ಮಾತ್ರ ಎರಡನೇ ಹೆಂಡತಿ ಆಗ್ನೆಸ್ ಹತ್ತಿರ ಉಳಿದುಬಿಟ್ಟಿತ್ತು. ಆಕೆ ಅದನ್ನು ಮುಂದೆ ಚಿತ್ರಕಥೆಗಾರರೊಬ್ಬರಿಗೆ ಕ್ರಿಸ್ಮಸ್ ಉಡುಗೊರೆಯಾಗಿ ಕೊಟ್ಟಿದ್ದರು. ಅವರ ಕಾಗದಪತ್ರಗಳಲ್ಲಿ ಅದು ಹಾಗೇ ಇತ್ತು. ಈ ಸಲ ಯಾರೂ ಕಾಯಲಿಲ್ಲ. ಮರುವರ್ಷವೇ ಯೇಲ್‌ನಿಂದ ಪುಸ್ತಕ ಬಂತು. ಸುಟ್ಟುಹೋಗಬೇಕಿದ್ದ ಆ ಟೈಪ್ ಪ್ರತಿಯೂ ಈಗ ಅಲ್ಲಿನ ಗ್ರಂಥಾಲಯದಲ್ಲೇ ಇದೆ.